ಹಳೇ ಗೋವಾ: ಬಳಕೆದಾರರ ಕೈಪಿಡಿ

ಪುಣ್ಯಕ್ಕೆಂದೇ ಬರುವವರಿಗೆ ಈ ಕೈಪಿಡಿ ಬೇಕಿಲ್ಲ. ಬೀಚಿಗೆ ಬಂದು, ಬಿಸಿಲು ಜಾಸ್ತಿಯಾಗಿ, 'ಹೇಗೂ ಬಂದಿದ್ದೇವಲ್ಲ, ಒಂದು ಚರ್ಚೂ ನೋಡಿಬಿಡೋಣ' ಎಂದು ಹೊರಟವರಿಗಾಗಿ ಬರೆದದ್ದು.

1. ಬಳಸುವ ಮುನ್ನ: ಚಡ್ಡಿ, ತೋಳಿಲ್ಲದ ಬನಿಯನು ರೂಮಿನಲ್ಲೇ ಇರಲಿ. ಒಳಗೆ ಮಲಗಿರುವ ಸಂತರು 1552ರಲ್ಲೇ ತೀರಿಕೊಂಡಿದ್ದಾರೆ ನಿಜ; ಬಾಗಿಲಲ್ಲಿ ನಿಂತವರು ಇನ್ನೂ ಬದುಕಿದ್ದಾರೆ.

2. ಬೊಮ್ ಜೆಸುಸ್ ಬೆಸಿಲಿಕಾ: ಕಟ್ಟಲು ಶುರು ಮಾಡಿದ್ದು 1594ರಲ್ಲಿ, ಪ್ರತಿಷ್ಠೆಯಾದದ್ದು 1605ರಲ್ಲಿ. 'ಸುಣ್ಣ ಬಳಿಯಲು ದುಡ್ಡಿರಲಿಲ್ಲವೇ?' ಎಂದು ಗೈಡನ್ನು ಕೇಳಬೇಡಿ. ಗಾರೆ ಇತ್ತು. 1950ರ ದಶಕದಲ್ಲಿ ದುರಸ್ತಿಯ ಹೆಸರಿನಲ್ಲಿ ಅದನ್ನು ಕೆರೆದು ತೆಗೆದರು. ಅಂದಿನಿಂದ ಜಂಬಿಟ್ಟಿಗೆ ಕಲ್ಲು ಬರಿಮೈಯಲ್ಲಿ ಮಳೆಗೆ ನಿಂತಿದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಅಜ್ಜನ ಮನೆ ಗೋಡೆಯದೂ ಇದೇ ಕಲ್ಲು.

3. ಸಂತರ ದರ್ಶನ: ಚೀನಾದ ಹೊಸ್ತಿಲಲ್ಲಿ, ಶಾಂಗ್‌ಚುವಾನ್ ದ್ವೀಪದಲ್ಲಿ ಫ್ರಾನ್ಸಿಸ್ ಝೇವಿಯರ್ ಕಣ್ಣು ಮುಚ್ಚಿದರು. ಅವರ ದೇಹ ಮಲಕ್ಕಾ ಮೇಲಿಂದ 1554ರಲ್ಲಿ ಇಲ್ಲಿಗೆ ಬಂತು. ಕತ್ತೆತ್ತಿ ನೋಡಿ: ಮೇಲಿನ ಬೆಳ್ಳಿ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೈಕೆಲಸ. ಕೆಳಗಿನ ಸಮಾಧಿಪೀಠ ಟಸ್ಕನಿಯ ದೊರೆ ಮೂರನೇ ಕೊಸಿಮೊ ಕೊಟ್ಟದ್ದು, ಫೊಗ್ಗಿನಿ ಎಂಬ ಶಿಲ್ಪಿ ಮಾಡಿದ್ದು, 1698ರಲ್ಲಿ ಇಲ್ಲಿ ಕೂರಿಸಿದ್ದು. ಬಲಗೈ ಎಲ್ಲಿ ಎಂದು ಹುಡುಕಬೇಡಿ. ಸಾವಿರಾರು ಜನರಿಗೆ ದೀಕ್ಷಾಸ್ನಾನ ಕೊಟ್ಟ ಆ ಕೈ 1614ರಲ್ಲೇ ರೋಮಿಗೆ ಹೋಗಿದೆ. ಪೆಟ್ಟಿಗೆ ಇನ್ನೂ ಹತ್ತಿರದಿಂದ ಕಾಣಬೇಕೆನ್ನುವವರು ಹತ್ತು ವರ್ಷಕ್ಕೊಮ್ಮೆ ಬರಬೇಕು. ಕಳೆದ ಸಲದ ದರ್ಶನ 2025ರ ಜನವರಿ 5ಕ್ಕೆ ಮುಗಿಯಿತು. ತಪ್ಪಿಸಿಕೊಂಡವರು ಸಕ್ಕರೆ, ಬಿಪಿ ಹತೋಟಿಯಲ್ಲಿಡಿ.

4. ಸೆ ಕ್ಯಾಥೆಡ್ರಲ್: ರಸ್ತೆಯಾಚೆ. ಫೋಟೊದಲ್ಲಿ ಒಂದೇ ಗೋಪುರ ಬಂದರೆ ಮೊಬೈಲನ್ನು ಬೈಯಬೇಡಿ. ಇನ್ನೊಂದು 1776ರಲ್ಲಿ ಬಿದ್ದಿತು.

5. ಆದಿಲ್‌ಶಾಹಿ ಬಾಗಿಲು: ಸಂತ ಕಾಯೆತಾನ್ ಇಗರ್ಜಿಯ ಹತ್ತಿರ ಗೋಡೆಯಿಲ್ಲದ ಒಂದು ಬಾಗಿಲಿದೆ. 1510ರಲ್ಲಿ ಆಲ್ಬುಕರ್ಕ್ ಗೆಲ್ಲುವ ತನಕ ಈ ಊರು ಬಿಜಾಪುರದ್ದು. ವಿಜಯಪುರದವರು ಇಲ್ಲೊಂದು ನಿಮಿಷ ಯಜಮಾನಿಕೆಯಿಂದ ನಿಲ್ಲಬಹುದು. ಬಾಡಿಗೆ ಕೇಳುವಂತಿಲ್ಲ.

6. ಸಂತ ಅಗಸ್ಟೀನರ ಗೋಪುರ: ಬಹುಪಾಲು ಜನ ಬಿಟ್ಟುಬಿಡುವ ಹಂತ ಇದು. ಬಿಡಬೇಡಿ, ಗುಡ್ಡ ಹತ್ತಿ. 1835ರಲ್ಲಿ ಸರ್ಕಾರ ಸನ್ಯಾಸಿಗಳನ್ನು ಹೊರಡಿಸಿತು. 1842ರಲ್ಲಿ ಕಮಾನು ಚಾವಣಿ ಕುಸಿಯಿತು, 1931ರಲ್ಲಿ ಗೋಪುರದ ಅರ್ಧ ಉರುಳಿತು. ಉಳಿದರ್ಧ ಆಕಾಶಕ್ಕೆ ಕೈಯೆತ್ತಿ ನಿಂತಿದೆ. ಈ ಅವಶೇಷಗಳಲ್ಲೇ ಜಾರ್ಜಿಯಾದ ರಾಣಿ ಕೆಟೆವಾನಳ ಎಲುಬು ಸಿಕ್ಕಿತು; 2021ರಲ್ಲಿ ಅವಳು ತನ್ನೂರಿಗೆ ಮರಳಿದಳು.

ತೊಂದರೆ ಮತ್ತು ಪರಿಹಾರ

'ಇಷ್ಟೊಂದು ಚರ್ಚು, ಊರೇ ಕಾಣುತ್ತಿಲ್ಲವಲ್ಲ': ಯಂತ್ರ ಕೆಟ್ಟಿಲ್ಲ. ರೋಗರುಜಿನಕ್ಕೆ ಹೆದರಿ ಜನ ಗಂಟುಮೂಟೆ ಕಟ್ಟಿದರು, ವೈಸರಾಯನೂ ಕಟ್ಟಿದ. 1843ರಲ್ಲಿ ರಾಜಧಾನಿ ಪಟ್ಟ ಪಣಜಿಗೆ ಹೋಯಿತು. ಬದುಕಿದ್ದವರೆಲ್ಲ ಬಿಟ್ಟುಹೋದ ಊರಲ್ಲಿ ತೀರಿಕೊಂಡವರೊಬ್ಬರು ಉಳಿದರು. ಕೊಂಕಣಿಯವರ 'ಗೊಂಯ್ಚೊ ಸಾಯ್ಬ' ಅವರೇ. ಅವರನ್ನು ನೋಡಲು ಜನ ಬರುತ್ತಲೇ ಇದ್ದರು, ಅವರ ಮನೆಯ ಚಾವಣಿ ನಿಂತಿತು. ಗುಡ್ಡದ ಮೇಲಿನ ಮನೆಗೆ ಯಾರೂ ಬರಲಿಲ್ಲ.

'ಜನಜಂಗುಳಿ': ಡಿಸೆಂಬರ್ 3, ಅವರ ಹಬ್ಬ. ಮೇಣದಬತ್ತಿ ಕೊಳ್ಳಿ, ಸಾಲಿನಲ್ಲಿ ನಿಲ್ಲಿ.

ಖಾತರಿ: ಹರಕೆ ಫಲಿಸುವುದಕ್ಕೆ ಕೈಪಿಡಿ ಹೊಣೆಯಲ್ಲ.

ಕೊನೆಯ ಎಚ್ಚರಿಕೆ: ಬೆಸಿಲಿಕಾದ ಗೋಡೆಗೆ ಒರಗಿ ಫೋಟೊ ತೆಗೆಸಿಕೊಳ್ಳಬೇಡಿ. ಅಂಗಿಗೆ ಹತ್ತುವ ಕೆಂಪು ಪುಡಿ ಆ ಗೋಡೆಯದೇ.