ದೋಹಾದ ಹಳದಿ ಕರಡಿಯವರಿಗೊಂದು ಬಹಿರಂಗ ಪತ್ರ

ಗೆ,
ಶ್ರೀಮಾನ್ ಹಳದಿ ಕರಡಿಯವರು,
ಹಮದ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ದೋಹಾ, ಕತಾರ್.

ಮಾನ್ಯರೆ,

ಬೆಂಗಳೂರಿನಲ್ಲಿ ವಿಮಾನ ಹತ್ತಿ, ಅಮೆರಿಕ ಸೇರುವ ಮುನ್ನ ತಮ್ಮ ಕಾಲಬುಡದಲ್ಲಿ ಒಂಬತ್ತು-ಹತ್ತು ಗಂಟೆ ಬಿದ್ದಿರಬೇಕಾದ ಅಪ್ಪ-ಅಮ್ಮಂದಿರ ಪರವಾಗಿ ಈ ಅರ್ಜಿ. ತಮಗೇ ಏಕೆಂದರೆ, ಟ್ರಾನ್ಸಿಟ್‌ನಲ್ಲಿ ತಮ್ಮಷ್ಟು ಹಳಬರು ಇನ್ನೊಬ್ಬರಿಲ್ಲ. ಉರ್ಸ್ ಫಿಷರ್ ಎಂಬ ಸ್ವಿಸ್ ಕಲಾವಿದರು ತಮ್ಮನ್ನು ಕಂಚಿನಲ್ಲಿ ಎರಕ ಹೊಯ್ದು, ಏಳು ಮೀಟರ್ ಎತ್ತರಕ್ಕೆ ಬೆಳೆಸಿ, ತಲೆಗೇ ಒಂದು ಟೇಬಲ್ ಲ್ಯಾಂಪ್ ತೂರಿಸಿದರು. 2011ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 68 ಲಕ್ಷ ಡಾಲರಿಗೆ ಬಿಕರಿಯಾದಿರಿ. ನಿಲ್ದಾಣ ತೆರೆದದ್ದು 2014ರಲ್ಲಿ. ಇಲ್ಲಿ ಬಂದು ಕೂತವರು ಕನೆಕ್ಟಿಂಗ್ ಫ್ಲೈಟ್ ಹಿಡಿಯುವ ಲಕ್ಷಣ ಇವತ್ತಿಗೂ ಕಾಣುತ್ತಿಲ್ಲ. ಆದರೂ ‘ಸುಮ್ಮನೆ ಯಾಕೆ ಕೂತಿದ್ದೀರಿ, ಊರು ನೋಡಿಕೊಂಡು ಬನ್ನಿ’ ಎಂದು ತಮಗೆ ಯಾರೂ ಹೇಳುವುದಿಲ್ಲ. ಆ ಪುಣ್ಯ ನಮಗಿಲ್ಲ.

ನಮ್ಮ ಟಿಕೆಟ್ ತೆಗೆದವರು ಅಳಿಯಂದಿರು. ಎರಡೇ ಗಂಟೆಯಲ್ಲಿ ಮುಂದಿನ ವಿಮಾನ ಸಿಗುವ ಟಿಕೆಟಿಗೆ ಒಂದು ಬೆಲೆ, ಹತ್ತು ಗಂಟೆ ಕಾಯಿಸುವ ಟಿಕೆಟಿಗೆ ಅದಕ್ಕಿಂತ ಕಡಿಮೆ ಬೆಲೆ. ಉಳಿದ ದುಡ್ಡು ಅವರಿಗೆ, ಉಳಿದ ಗಂಟೆಗಳು ನಮಗೆ, ಲೆಕ್ಕ ಚುಕ್ತಾ. ಇಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಬೇಸರವಿರಲಿಲ್ಲ. ಆದರೆ ಅಗ್ಗದ ಟಿಕೆಟ್ ತೆಗೆದ ಅಳುಕೊಂದು ಒಳಗೊಳಗೇ ಇರುತ್ತದಲ್ಲ, ಅದು ಹೊರಡುವ ಹಿಂದಿನ ರಾತ್ರಿ ಎಕ್ಸೆಲ್ ಶೀಟಾಗಿ ವಾಟ್ಸ್‌ಆ್ಯಪ್‌ಗೆ ಬಂದು ಬಿತ್ತು. “ಮಾವ, ಹತ್ತು ಗಂಟೆ ಸುಮ್ನೆ ವೇಸ್ಟ್ ಮಾಡ್ಬೇಡಿ, ದೋಹಾನೂ ಕವರ್ ಆಗತ್ತೆ.” ಮಗಳಾಗಿದ್ದರೆ ಗದರಿಸಬಹುದಿತ್ತು. ಅಳಿಯಂದಿರಿಗೆ ಆಗುವುದಿಲ್ಲ ಅನ್ನುವುದು ಹೇಗೆ?

ತಮ್ಮ ಪಾದದ ಬಳಿ ಕೂತಿರುವ ಹೆಂಗಸನ್ನು ಗಮನಿಸಿದ್ದೀರಾ? ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮಗಳು ಕಳಿಸಿದ ಬಿಳಿ ಶೂ. ಒಂದು ಕೈ ಸದಾ ಕೈಚೀಲದ ಜಿಪ್ಪಿನ ಮೇಲೆ. ಒಳಗೆ ಇಬ್ಬರ ಪಾಸ್‌ಪೋರ್ಟು, ಬಿಪಿ ಮಾತ್ರೆ, ಚಟ್ನಿಪುಡಿ-ತುಪ್ಪ ಸವರಿ ಸುರುಳಿ ಸುತ್ತಿದ ಚಪಾತಿ. ನಮ್ಮ ಮನೆಯವರು. ಮಗಳ ಬಾಣಂತನಕ್ಕೆ ಹೊರಟಿದ್ದಾರೆ. ಅಂಟಿನುಂಡೆಯ ಡಬ್ಬ ಚೆಕ್-ಇನ್ ಸೂಟ್‌ಕೇಸಿನಲ್ಲಿದೆ, ಆ ಸೂಟ್‌ಕೇಸು ಈ ಕಟ್ಟಡದ ಯಾವ ಮೂಲೆಯಲ್ಲಿದೆಯೋ ಎಂಬುದೊಂದೇ ಆಕೆಯ ಚಿಂತೆ. ಆಕೆಗೆ ಬೇಕಾಗಿರುವುದು ಕಾಲು ನೀಡಲು ಒಂದಿಷ್ಟು ಜಾಗ. ಅದೂ ಇಲ್ಲಿದೆ. ಕ್ವೈಟ್ ರೂಮ್ ಎಂದು ಬೋರ್ಡು ಹಾಕಿ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಕೋಣೆ ಮಾಡಿ, ಒರಗುವ ಕುರ್ಚಿ ಇಟ್ಟಿದ್ದಾರೆ. ಪುಕ್ಕಟೆ. ಪುಕ್ಕಟೆಯಾದದ್ದೂ ಫೋಟೊಗೆ ಒದಗದ್ದೂ ಎಕ್ಸೆಲ್ ಶೀಟಿಗೆ ಹತ್ತುವುದಿಲ್ಲ.

ಶೀಟಿನ ಮೊದಲ ಸಾಲು ಮೆಟ್ರೊ. ಇದರಲ್ಲಿ ತಕರಾರಿಲ್ಲ. ನಿಲ್ದಾಣದಿಂದಲೇ ರೆಡ್ ಲೈನ್, ಮ್ಶೈರೆಬ್‌ನಲ್ಲಿ ಗೋಲ್ಡ್ ಲೈನಿಗೆ ಬದಲಾಯಿಸಿದರೆ ಮುಂದಿನದೇ ಸೂಕ್ ವಾಕಿಫ್. ಒಂದು ಸಲಕ್ಕೆ 2 ರಿಯಾಲ್, ದಿನವಿಡೀ ಓಡಾಡಲು 6. ರೈಲಿಗೆ ಡ್ರೈವರ್ ಇಲ್ಲ, ಆದರೂ ಹೇಳಿದ ಹೊತ್ತಿಗೆ ಬರುತ್ತದೆ. ವಿಮಾನ ನಿಲ್ದಾಣಕ್ಕೆ ಮೆಟ್ರೊ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಹೆಬ್ಬಾಳದ ಜಾಮಿನಲ್ಲಿ ಕೂತು ಬಂದವರಿಗೆ ಇದೊಂದೇ ಸಾಕು, ಬೇರೆ ಪ್ರೇಕ್ಷಣೀಯ ಸ್ಥಳ ಬೇಡ.

ಎರಡನೇ ಸಾಲು ಇಸ್ಲಾಮಿಕ್ ಕಲಾ ಸಂಗ್ರಹಾಲಯ. ಐ. ಎಂ. ಪೇ ಎಂಬ ವಾಸ್ತುಶಿಲ್ಪಿ ನಿವೃತ್ತರಾಗಿದ್ದವರು. ಮನವೊಲಿಸಿ ಕರೆತಂದರೆ ಅವರು ಮೊದಲು ಮಾಡಿದ್ದು ತಿಂಗಳುಗಟ್ಟಲೆ ತಿರುಗಾಟ. ಕೊನೆಗೆ ಕೈರೊದ ಇಬ್ನ್ ತುಲುನ್ ಮಸೀದಿಯ ಅಂಗಳದಲ್ಲಿ, ನಮಾಜಿಗೆ ಮುನ್ನ ಕೈಕಾಲು ತೊಳೆಯುವ ಪುಟ್ಟ ಮಂಟಪದ ಮೇಲೆ ಬಿಸಿಲು-ನೆರಳು ಜಾರುವುದನ್ನು ಕಂಡು, ‘ಇದೇ’ ಅಂದುಕೊಂಡರಂತೆ. ಪಕ್ಕದಲ್ಲಿ ಯಾರೂ ಗಗನಚುಂಬಿ ಎಬ್ಬಿಸಬಾರದೆಂದು ಸಮುದ್ರದಲ್ಲೇ ಜಾಗ ಮಾಡಿಸಿಕೊಂಡು ಕಟ್ಟಿದರು. 2008ರಲ್ಲಿ ಬಾಗಿಲು ತೆರೆಯಿತು. ಹದಿನಾಲ್ಕು ಶತಮಾನಗಳ ಸರಕು ಒಳಗಿದೆ. ಅಳಿಯಂದಿರು ಕೊಟ್ಟಿರುವ ಸಮಯ 35 ನಿಮಿಷ, ‘ವಾಶ್‌ರೂಮ್ ಸೇರಿ’ ಎಂದು ಷರಾ ಬೇರೆ.

ಆಮೇಲೆ ಸೂಕ್. ಹಳೆಯ ಸಂತೆ ಎನ್ನುತ್ತಾರೆ. ಬೆಂಕಿಗೂ ಅಸಡ್ಡೆಗೂ ಸಿಕ್ಕಿ ಹಾಳಾದದ್ದನ್ನು ಈ ಶತಮಾನದಲ್ಲೇ ಮಣ್ಣಿನ ಗಾರೆ ಬಳಿದು, ಮರದ ತೊಲೆ ಹೊರಚಾಚಿಸಿ, ಮತ್ತೆ ಹಳೆಯದು ಮಾಡಿದ್ದಾರೆ. ಚೆನ್ನಾಗಿಯೇ ಇದೆ. ಅಲ್ಲೊಂದು ಗಿಡುಗಗಳ ಆಸ್ಪತ್ರೆಯೂ ಉಂಟು. ಬೇಟೆಗಿಡುಗಗಳು ಕಣ್ಣಿಗೆ ಚರ್ಮದ ಪುಟಾಣಿ ಟೋಪಿ ಹಾಕಿಸಿಕೊಂಡು, ಹಸಿರು ಹಾಸಿನ ಅಡ್ಡೆಯ ಮೇಲೆ ಸಾಲಾಗಿ ಕೂತು ಸರದಿ ಕಾಯುತ್ತವೆ. ಗರಿ ಮುರಿದಿದ್ದರೆ ಅದೇ ಅಳತೆಯ ಇನ್ನೊಂದು ಗರಿ ಹುಡುಕಿ ಜೋಡಿಸಿ ಕಳಿಸುತ್ತಾರೆ. ಟೋಪಿ ಇರುವಷ್ಟು ಹೊತ್ತು ಹಕ್ಕಿ ಮಿಸುಕುವುದಿಲ್ಲ. ಇಂಥದ್ದೊಂದು ಟೋಪಿ ವಿಮಾನದವರು ಬೋರ್ಡಿಂಗ್ ಪಾಸಿನ ಜೊತೆಗೇ ಕೊಡಬಾರದೇ?

ನನ್ನ ತೊಂದರೆ ಬೇರೆ. ಯಾವ ಬೆಲೆ ಕಂಡರೂ ಬೆರಳು ತಾನಾಗಿ ರೂಪಾಯಿಗೆ ಗುಣಿಸತೊಡಗುತ್ತದೆ. ಒಂದು ಕಾಲದಲ್ಲಿ ಈ ಕಷ್ಟವಿರಲಿಲ್ಲ. 1966ರವರೆಗೂ ಇಲ್ಲಿ ನಡೆಯುತ್ತಿದ್ದದ್ದು ರೂಪಾಯಿಯೇ. 1959ರಿಂದ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿ ಕಳಿಸುತ್ತಿತ್ತು. ನಾವು ರೂಪಾಯಿಯ ಬೆಲೆ ಇಳಿಸಿದೆವು, ಅವರು ಕೈಮುಗಿದು ಬೇರೆ ನಾಣ್ಯ ಮಾಡಿಕೊಂಡರು. ಈಗ ಒಂದು ಲೋಟ ಕರಕ್ ಚಹಾ ಹೀರುವಾಗಲೂ ಆ ಅಪಮೌಲ್ಯದ ಒಗರು ನಾಲಿಗೆಗೆ ಹತ್ತುತ್ತದೆ.

ಸೂಕ್‌ನಲ್ಲಿ ಜೋರಾಗಿ ಕನ್ನಡ ಮಾತಾಡಿದರೆ ಯಾರಾದರೂ ತಿರುಗಿ ನೋಡುತ್ತಾರೆ. ಭಟ್ಕಳದವರೋ, ಪುತ್ತೂರಿನವರೋ, ಉಡುಪಿ ಕಡೆಯವರೋ. ಈ ದೇಶದಲ್ಲಿ ಹೊರಗಿನವರೇ ಬಹುಪಾಲು, ಅವರಲ್ಲಿ ನಮ್ಮವರದೇ ದೊಡ್ಡ ಗುಂಪು. “ಎಷ್ಟು ಹೊತ್ತು ಇದ್ದೀರಿ?” ಎಂದು ಅವರು ಕೇಳಿದರೆ ನಾವು ಗಂಟೆಯಲ್ಲಿ ಹೇಳುತ್ತೇವೆ, ನಾವು ಕೇಳಿದರೆ ಅವರು ವರ್ಷದಲ್ಲಿ. ಕೂಸು ಹುಟ್ಟಿದ್ದನ್ನು ಫೋನಿನಲ್ಲಿ ನೋಡಿ, ಅದು ನಡೆಯತೊಡಗಿದ ಮೇಲೆ ರಜೆ ಸಿಕ್ಕವರಿದ್ದಾರೆ. ಈ ಲೇಓವರನ್ನು ಸದ್ವಿನಿಯೋಗ ಮಾಡಿಕೊಳ್ಳಲು ಹತ್ತು ಉಪಾಯ ಎಂದು ಅವರಿಗೆ ಯಾರೂ ಶೀಟು ಕಳಿಸಿದ್ದು ಕಾಣೆ.

ಕರಡಿಯವರೆ, ಹಿಂದೆ ನಮ್ಮ ಹಳ್ಳಿಗಳಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಹೆದರಿಕೆ ಬಿಡಲೆಂದು ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿ, ಚಿಲ್ಲರೆ ಕೊಟ್ಟು, ಒಂದು ಕೂದಲು ತಾಯಿತಕ್ಕೆ ಇಸಿದುಕೊಳ್ಳುತ್ತಿದ್ದೆವು. ತಾವು ಕಂಚಿನವರು, ಕೂದಲು ಕೇಳುವಂತಿಲ್ಲ. ನೋಡದೇ ಬಂದರೆ ಏನೋ ಕಳೆದುಕೊಂಡೆವೆಂಬ ಭಯಕ್ಕೆ ಬೇರೇನಾದರೂ ಮದ್ದಿದ್ದರೆ ದಯಮಾಡಿ ಅಳಿಯಂದಿರ ವಿಳಾಸಕ್ಕೇ ರವಾನಿಸಿ. ನಮ್ಮ ಮನೆಯವರು ಈಗ ಚಪಾತಿ ತಿಂದು, ಶೂ ಬಿಚ್ಚಿ, ಕ್ವೈಟ್ ರೂಮಿಗೆ ಹೊರಟಿದ್ದಾರೆ. ಮುಂಜಾಗ್ರತೆಯಾಗಿ ತಮ್ಮ ಜೊತೆ ಒಂದು, ನಿಲ್ದಾಣದೊಳಗಿನ ಹಸಿರು ತೋಟದಲ್ಲಿ ಎರಡು ಫೋಟೊ ತೆಗೆಸಿಕೊಂಡಿದ್ದೇವೆ. ‘ಇದು ಯಾವ ಪಾರ್ಕ್ ಅತ್ತೆ?’ ಎಂದು ಅಳಿಯಂದಿರು ಕೇಳಿದರೆ ತಾವು ಬಾಯಿ ಬಿಡಬಾರದಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಗೇಟ್ ನಂಬರ್ ಇನ್ನೂ ಬಾರದ ಮಾವ

ವಿ.ಸೂ.: ವಾಪಸು ಬರುವ ಟಿಕೆಟಿನಲ್ಲಿ ಲೇಓವರ್ 14 ಗಂಟೆ. ಖೋರ್ ಅಲ್ ಅದೈದ್ ಕಡೆಗೆ ಮರಳುಗಾಡಿನ ಸಫಾರಿ ಈಗಲೇ ಬುಕ್ ಆಗಿದೆ, ಒಂಟೆ ಸವಾರಿಯೂ ಸೇರಿದೆಯಂತೆ. ನಮ್ಮ ಮನೆಯವರ ಎಡ ಮೊಣಕಾಲಿನ ಎಕ್ಸ್‌ರೇ ಇದರೊಂದಿಗೆ ಲಗತ್ತಿಸಿದೆ.