ಮಾರಿಕಣಿವೆ ಕೋಡಿ ಬಿದ್ದದ್ದು ಯಾವ ಟೆನ್ಸು?

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ‘ಬಸ್ ಬಂತು, ಬಸ್ ಬಂತು’ ಅಂತ ಯಾರಾದರೂ ಚೀಲ ಎತ್ತಿಕೊಂಡು ಎದ್ದರೆ ಬಸ್ಸು ಬಂದು ನಿಂತಿದೆ ಅಂತಲ್ಲ. ದೂರದ ತಿರುವಿನಲ್ಲಿ ಅದರ ಮೂತಿ ಕಂಡಿದೆ, ಅಷ್ಟೆ. ಮದುವೆಮನೆಯಿಂದ ಫೋನ್ ಬಂದಾಗ ‘ಹೊರಟೆ, ಬಂದೇಬಿಟ್ಟೆ’ ಎನ್ನುವ ಮಹಾನುಭಾವ ಇನ್ನೂ ಬಚ್ಚಲುಮನೆಯಲ್ಲಿ ಬಿಸಿನೀರು ತೋಡಿಕೊಳ್ಳುತ್ತಿರುತ್ತಾನೆ. ಅವನನ್ನು ಸುಳ್ಳುಗಾರ ಅಂತ ಯಾರೂ ಅನ್ನುವುದಿಲ್ಲ. ಆಗೇ ಆಗುತ್ತೆ ಅಂತ ಮನಸ್ಸು ಒಪ್ಪಿಕೊಂಡ ಮೇಲೆ ನಮ್ಮ ಪಾಲಿಗೆ ಅದು ಆಗಿಹೋದ ಹಾಗೇ. ಇಂಗ್ಲಿಷಿನವರಿಗೆ ಈ ಧಾರಾಳ ಇಲ್ಲ. ಅವರ ಕ್ರಿಯಾಪದ ಕೈಗಡಿಯಾರ ಕಟ್ಟಿಕೊಂಡೇ ಓಡಾಡುತ್ತೆ.

ಇದು ಪಕ್ಕದ ಮನೆಯ ಹುಡುಗನ ಟೆನ್ಸ್ ಪಟ್ಟಿಯಿಂದ ಎದ್ದ ಮಾತು. ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಹನ್ನೆರಡು ಮನೆ ಗೀಚಿದ್ದಾನೆ: ಪಾಸ್ಟು, ಪ್ರೆಸೆಂಟು, ಫ್ಯೂಚರು, ಒಂದೊಂದಕ್ಕೂ ನಾಲ್ಕು ನಾಲ್ಕು ಮರಿ. ಅವನ ತಾಯಿ ಕಾಂಪೌಂಡ್ ಗೋಡೆ ಮೇಲೆ ಹಪ್ಪಳ ಒಣಗಹಾಕುತ್ತಾ, ‘ಅಲ್ಲಣ್ಣಾ, ಕೇಶಿರಾಜನಿಗೆ ಮೂರು ಕಾಲ ಸಾಕಾಗಿತ್ತು. ಇವರಿಗೆ ಹನ್ನೆರಡು ಯಾಕೆ ಬೇಕಂತೆ?’ ಅಂದಳು. ಕನ್ನಡ ಎಂ.ಎ. ಓದಿದ ಹೆಣ್ಣುಮಗಳು. ಶಬ್ದಮಣಿದರ್ಪಣ ಬಿಟ್ಟು ಕೆಳಗಿಳಿಯುವುದಿಲ್ಲ.

‘ಹನ್ನೆರಡು ಬಾಯಿಪಾಠ ಮಾಡಿಸಬೇಡಮ್ಮಾ, ಅವನನ್ನು ಒಂದು ಸಲ ಹಿರಿಯೂರಿನ ಕಡೆ ಕರಕೊಂಡು ಹೋಗು’ ಅಂದೆ. ತಮಾಷೆಗಲ್ಲ. ನಮ್ಮ ಜಿಲ್ಲೆಯ ಮಕ್ಕಳಿಗೆ ಹ್ಯಾಸ್, ಹ್ಯಾಡ್ ಕಲಿಸೋಕೆ ಮಾರಿಕಣಿವೆಗಿಂತ ಒಳ್ಳೆ ಮೇಷ್ಟ್ರಿಲ್ಲ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಅಣೆಕಟ್ಟು. ಕಾಗದದ ಮೇಲೆ ವಾಣಿವಿಲಾಸ ಸಾಗರ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಇಲ್ಲ. ಮೊಮ್ಮಕ್ಕಳಿಗೆ ಕಥೆ ಹೇಳುವಾಗಲೂ ಅಜ್ಜಂದಿರ ಬಾಯಲ್ಲಿ ಅದೇ ಇತ್ತು: ‘ಮೂವತ್ಮೂರರಿಂದ ಕೋಡಿ ಬಿದ್ದಿಲ್ಲ ಕಣೋ.’ ಇಂಗ್ಲಿಷಿನಲ್ಲಿ ಹೇಳಿದರೆ ಹ್ಯಾಸ್ ನಾಟ್, ಕೊನೆಗೆ ಸಿನ್ಸ್. ಅವತ್ತು ಶುರುವಾದ ಬರ ಆಗಿನ್ನೂ ಮುಗಿದಿರಲಿಲ್ಲ, ಅದಕ್ಕೇ ಹ್ಯಾಸ್. ಭದ್ರೆಯ ನೀರೂ ಬಂದು ಸೇರಿ, ಮಳೆಯೂ ಜೋರಾಗಿ, 2022ರ ಸೆಪ್ಟೆಂಬರಿನಲ್ಲಿ 130 ಅಡಿ ತುಂಬಿ ಕೋಡಿ ಹರಿಯಿತು ನೋಡಿ, ಒಂದೇ ರಾತ್ರಿಗೆ ಇಡೀ ತಾಲ್ಲೂಕಿನ ಹ್ಯಾಸ್ ನಾಟ್ ಹ್ಯಾಡ್ ನಾಟ್ ಆಗಿಹೋಯಿತು. ಕನ್ನಡದಲ್ಲೂ ‘ಬಿದ್ದಿಲ್ಲ’ ಹೋಗಿ ‘ಬಿದ್ದಿರಲಿಲ್ಲ’ ಬಂತು. ಯಾರಿಗೂ ವ್ಯಾಕರಣದ ಪುಸ್ತಕ ಬೇಕಾಗಲಿಲ್ಲ. ಹೊಸ ಕಾಲದ ರೂಪವೇ ಬಾಯಿಗೆ ಬಂತು.

ಮಕ್ಕಳು ಎಡವುವುದು ಅಲ್ಲಲ್ಲ, ಅದರ ಪಕ್ಕದ ಕಲ್ಲಿಗೆ. ‘1933ರಿಂದ’ ಅಂದರೂ ನಮಗೆ ‘ಇಂದ’, ‘89 ವರ್ಷದಿಂದ’ ಅಂದರೂ ಅದೇ ‘ಇಂದ’. ಇಂಗ್ಲಿಷಿನವರು ಹೊರಟ ಜಾಗಕ್ಕೊಂದು, ನಡೆದ ದೂರಕ್ಕೊಂದು ಮಾತು ಇಟ್ಟಿದ್ದಾರೆ. ಇಸವಿಗೆ ಸಿನ್ಸ್, 89 ವರ್ಷಕ್ಕೆ ಫಾರ್. ಹುಡುಗ ‘ಸಿನ್ಸ್ ಏಟಿನೈನ್ ಇಯರ್ಸ್’ ಅಂತ ಬರೆದು ಕೆಂಪು ಗೀಟು ತಿಂದು ಬಂದಿದ್ದ. ಪಾಪ, ಅದು ಶುದ್ಧ ಕನ್ನಡ! ಇನ್ನೊಂದು ಕೆಂಪು ಗೀಟು ‘ಹ್ಯಾಸ್ ಓವರ್‌ಫ್ಲೋಡ್ ಇನ್ 2022’ ಎಂಬುದಕ್ಕೆ. ಇಸವಿ, ತಾರೀಕು, ನಿನ್ನೆ, ಮೊನ್ನೆ ಅಂತ ಬೆರಳಿಟ್ಟು ತೋರಿಸಿದಿರೋ, ಅಲ್ಲಿಗೆ ಹ್ಯಾಸ್ ಜಾಗ ಖಾಲಿ ಮಾಡಬೇಕು. ನಾವು ‘ನಿನ್ನೆ ನೋಡಿದೀನಿ’ ಅಂತ ಲೀಲಾಜಾಲವಾಗಿ ಅಂತೀವಿ. ಅವರ ಮನೆಯಲ್ಲಿ ನಿನ್ನೆಗೂ ಹ್ಯಾವ್‌ಗೂ ಎಣ್ಣೆ ಸೀಗೆಕಾಯಿ.

ನಮಗೊಬ್ಬರಿಗೇ ಈ ಪಾಡು ಅಂದುಕೊಂಡಿದ್ದೆ. ಹುಡುಗನ ತಾಯಿಯ ತಮ್ಮ ಬಿಡದಿಯ ಕಾರ್ಖಾನೆಯಲ್ಲಿ ಜಪಾನಿನವರ ಜೊತೆ ಕೆಲಸ ಮಾಡ್ತಾನೆ. ಹಬ್ಬಕ್ಕೆ ಬಂದವನು ಗೋಡೆಗೆ ಒರಗಿ, ‘ಅವರದೂ ನಮ್ಮ ಹಾಗೇ ಅಣ್ಣಾ, ಕ್ರಿಯಾಪದ ಕೊನೆಗೇ ಬರೋದು’ ಅಂತ ಶುರು ಮಾಡಿದ. ದೂರದಲ್ಲಿ ಬಸ್ ಕಂಡರೆ ಅವರೂ ‘ಬಸು ಗ ಕಿತ’ ಅಂತಾರಂತೆ, ಅಂದರೆ ಬಸ್ ಬಂತು! ಹೋಗ್ತೀನಿ ಅನ್ನುವುದಕ್ಕೂ ನಾಳೆ ಹೋಗ್ತೀನಿ ಅನ್ನುವುದಕ್ಕೂ ಅವರಲ್ಲಿ ಒಂದೇ ರೂಪ. ನಾಡಿದ್ದಿಗೆ ‘ಅಸತ್ತೆ’, ಮೊನ್ನೆಗೆ ‘ಒತೊತೊಯಿ’, ಎರಡಕ್ಕೂ ಒಂದೊಂದೇ ಪದ. ಇಂಗ್ಲಿಷಿನವರು ನಾಡಿದ್ದು ಅನ್ನೋದಕ್ಕೆ ನಾಲ್ಕು ಪದ ಜೋಡಿಸಿ ಮುಗಿಸುವಷ್ಟರಲ್ಲಿ ನಾಳೆಯೇ ಬಂದಿರುತ್ತೆ. ಇನ್ನು, ಮದುವೆ ಆಗಿದೆ ಅನ್ನೋದಕ್ಕೆ ಜಪಾನಿನವರದು ‘ಕೆಕ್ಕೊನ್ ಶಿತೆ ಇರು’. ನಮ್ಮದು ‘ಆಗಿ’ ಮತ್ತು ‘ಇದೆ’, ಅವರದು ‘ಶಿತೆ’ ಮತ್ತು ‘ಇರು’. ಆದರೆ ಅದೇ ‘ಶಿತೆ ಇರು’ ನಡೀತಾ ಇರೋ ಕೆಲಸಕ್ಕೂ ಆಗುತ್ತೆ. ಹಾಗಾಗಿ ಇಂಗ್ಲಿಷ್ ಕಲಿಯುವ ಜಪಾನಿನವರು, ಎರಡು ಮಕ್ಕಳ ತಂದೆಯಾದರೂ, ‘ಐ ಆಮ್ ಮ್ಯಾರಿಯಿಂಗ್’ ಅಂದುಬಿಡುವುದುಂಟು. ಆಕೆ ಹಪ್ಪಳ ತಿರುವಿ ಹಾಕುತ್ತಾ, ‘ಅದೂ ಒಂಥರಾ ನಿಜವೇ ಬಿಡು’ ಅಂದಳು.

ಭವಿಷ್ಯತ್ ಕಾಲದ್ದೇ ಬೇರೆ ಕಥೆ. ‘ಬರುವೆನು’, ‘ಮಾಡುವೆನು’ ಅಂತ ಚಿತ್ರದುರ್ಗದ ಸಂತೆಯಲ್ಲಿ ಯಾರೂ ಮಾತಾಡುವುದಿಲ್ಲ. ‘ನಾಳೆ ಬರ್ತೀನಿ, ದುಡ್ಡು ಕೊಡ್ತೀನಿ’ ಅಂದರೆ ಮುಗೀತು. ಆ ‘ವ’ಕಾರದ ಭವಿಷ್ಯತ್ತು ಈಗ ಉಳಿದಿರುವುದು ಲಗ್ನಪತ್ರಿಕೆಯಲ್ಲಿ, ನಾಟಕದ ರಾಜನ ಬಾಯಲ್ಲಿ, ಆಮೇಲೆ ಸರ್ಕಾರದ ಪ್ರಕಟಣೆಯಲ್ಲಿ. ‘ಕ್ರಮ ಕೈಗೊಳ್ಳಲಾಗುವುದು’, ‘ಪೂರ್ಣಗೊಳಿಸಲಾಗುವುದು’. ಯಾರು ಕೈಗೊಳ್ಳುವವರು ಅಂತ ಕೇಳಬಾರದು. ಆ ರೂಪದಲ್ಲಿ ಕರ್ತೃವಿಗೆ ಪೂರ್ತಿ ರಜೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡಲಾಗುವುದು ಅಂದರು. ಮೂಲದಲ್ಲಿ ಅದು ‘ವಿಲ್ ಬಿ ಗಿವನ್’. ಆ ವಿಲ್ ಹಿಡಿದುಕೊಂಡು ಬೆಂಗಳೂರಿಗೂ ದೆಹಲಿಗೂ ನಡೆದ ಜಗಳ ನೀವೇ ಪೇಪರಿನಲ್ಲಿ ಓದಿದ್ದೀರಿ. ರೈತ ಮಾತ್ರ ‘ಕೊಟ್ರಂತಾ?’ ಅಂತ ಭೂತಕಾಲದಲ್ಲೇ ಕೇಳುತ್ತಾನೆ. ಅವನಿಗೆ ಬೇಕಾಗಿರುವುದು ಅದೊಂದೇ ಕಾಲ.

ಹುಡುಗ ಇಷ್ಟೂ ಕೇಳಿಸಿಕೊಂಡು ಪೆನ್ಸಿಲ್ ಕಚ್ಚುತ್ತಾ, ‘ಹಂಗಾದ್ರೆ ದೊಡ್ಡಪ್ಪಾ, ನಮ್ಮ ದಾವಣಗೆರೆ–ತುಮಕೂರು ರೈಲು?’ ಅಂದ. ಚಿತ್ರದುರ್ಗ, ಹಿರಿಯೂರು ಹಾದು ಹೋಗಬೇಕಾದ ಲೈನು. ಮಂಜೂರಾಗಿ ಹತ್ತು ವರ್ಷದ ಮೇಲಾಯಿತು. ನಾನು ಬಾಯಿ ತೆರೆಯುವ ಮುಂಚೆ ಅವನ ತಾಯಿಯೇ ಉತ್ತರ ಕೊಟ್ಟಳು: ‘ಅದನ್ನ ಕಂಟಿನ್ಯೂಯಸ್ ಮನೆಯಲ್ಲಿ ಬರಕೋ. ಇಂಕಿನಲ್ಲೇ ಬರಿ, ಅಳಿಸೋ ಹಂಗಿಲ್ಲ.’