‘ಬೇಡ’ ಬಟನ್ ಎಲ್ಲಿದೆ?

ಕೋರಮಂಗಲದ ಯಾವ ಕಾಫಿ ಅಂಗಡಿಗೆ ಹೋದರೂ ಪಕ್ಕದ ಮೇಜಿನಲ್ಲಿ ಒಬ್ಬ ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನರ್ ಇದ್ದೇ ಇರುತ್ತಾರೆ. ಹಿಂದೆ ಇವರನ್ನು ವೆಬ್ ಡಿಸೈನರ್ ಎನ್ನುತ್ತಿದ್ದರು. ಹೆಸರು ಉದ್ದವಾಯಿತು, ಸಂಬಳವೂ ಬೆಳೆಯಿತು. ಈಗೀಗ ಪ್ರಾಡಕ್ಟ್ ಡಿಸೈನರ್ ಎಂದು ಮರುನಾಮಕರಣವೂ ಆಗಿದೆ. ಗೋಡೆಗೆ ಅಂಟಿಸುವ ಹಳದಿ ಚೀಟಿ ಮಾತ್ರ ಅದೇ.

ಈ ಕುಲದ ಮೂಲಪುರುಷ ಡಾನ್ ನಾರ್ಮನ್. 1993ರಲ್ಲಿ ಆಪಲ್ ಸೇರಿ ‘ಯೂಸರ್ ಎಕ್ಸ್‌ಪೀರಿಯೆನ್ಸ್ ಆರ್ಕಿಟೆಕ್ಟ್’ ಎಂಬ ಬಿರುದು ಧರಿಸಿದವರು. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನೀವು ಒದ್ದಾಡಿದರೆ ತಪ್ಪು ನಿಮ್ಮದಲ್ಲ, ಬಾಗಿಲು ಮಾಡಿದವನದು ಎಂದು 1988ರಲ್ಲೇ ಪುಸ್ತಕ ಬರೆದಿದ್ದರು. ಪಾಪ, ಒಳ್ಳೆಯ ಮನುಷ್ಯ. ಶಿಷ್ಯಕೋಟಿಯೂ ಪಾಠವನ್ನು ಚೆನ್ನಾಗಿಯೇ ಕಲಿತಿದೆ: ಒಳಬರುವ ಬಾಗಿಲು ಮುಟ್ಟುವ ಮೊದಲೇ ತೆರೆದುಕೊಳ್ಳುತ್ತದೆ, ಹೊರಹೋಗುವ ಬಾಗಿಲಿಗೆ ಹಿಡಿಯೇ ಇಲ್ಲ.

ಅಮೆಜಾನ್ ಪ್ರೈಮ್ ಸದಸ್ಯತ್ವ ರದ್ದು ಮಾಡುವ ದಾರಿಗೆ ಕಂಪನಿಯೊಳಗೆ ‘ಇಲಿಯಡ್’ ಎಂಬ ಹೆಸರಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ದಾವೆಯಲ್ಲಿ ಹೇಳಿತು. ಟ್ರಾಯ್ ಯುದ್ಧದ ಮಹಾಕಾವ್ಯ! ಐ.ಟಿ. ಮಂದಿಗೆ ಸಾಹಿತ್ಯಾಭಿರುಚಿ ಇಲ್ಲ ಎಂದವರು ಯಾರು? 2025ರಲ್ಲಿ ಕಂಪನಿ ತಪ್ಪೊಪ್ಪದೆ 250 ಕೋಟಿ ಡಾಲರಿಗೆ ರಾಜಿಯಾಯಿತು. ಕಾವ್ಯವೊಂದಕ್ಕೆ ಇಷ್ಟು ದುಬಾರಿ ಪ್ರಕಟಣಾ ವೆಚ್ಚ ಬೇರೆಲ್ಲೂ ಕೇಳಿಲ್ಲ.

ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಹೆಸರಿಸಿ, ಇವನ್ನು ಮಾಡಕೂಡದು ಎಂದಿತು. ಕೇಳದೆ ಬುಟ್ಟಿಗೆ ಏನಾದರೂ ಸೇರಿಸುವುದು, ‘ಎರಡೇ ರೂಮು ಬಾಕಿ’ ಎಂದು ಹೆದರಿಸುವುದು, ವಿಮೆ ಬೇಡವೆಂದವರ ಕೈಯಲ್ಲಿ ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂಬ ಬಟನ್ ಒತ್ತಿಸಿ ನಾಚಿಸುವುದು, ಹೀಗೆ. ಓದುತ್ತಾ ಹೋದಂತೆ, ಸರ್ಕಾರ ಯಾರದೋ ರೆಸ್ಯೂಮೆಯನ್ನೇ ರಾಜ್ಯಪತ್ರದಲ್ಲಿ ಅಚ್ಚು ಹಾಕಿಸಿತೇನೋ ಅನ್ನಿಸಿತು.

ನ್ಯಾಯವಾಗಿ ಹೇಳಬೇಕೆಂದರೆ ಡಿಸೈನರ್ ದುಷ್ಟನಲ್ಲ. ಬಳಕೆದಾರರ ನೋವಿನ ಬಗ್ಗೆ ಅವನಷ್ಟು ಮರುಗುವವರು ಇಲ್ಲ. ಅವರ ಅಳಲನ್ನು ಬಣ್ಣಬಣ್ಣದ ಚೀಟಿಗಳಲ್ಲಿ ಬರೆದಿಟ್ಟಿರುತ್ತಾನೆ. ಮೊದಲ ನಕ್ಷೆಯಲ್ಲಿ ‘ರದ್ದು ಮಾಡಿ’ ಎಂಬುದು ದಪ್ಪಕ್ಷರದಲ್ಲೇ ಇರುತ್ತದೆ. ಆಮೇಲೆ ಮೀಟಿಂಗ್. ತಿಂಗಳ ಟಾರ್ಗೆಟ್ ಹೊತ್ತ ಪ್ರಾಡಕ್ಟ್ ಮ್ಯಾನೇಜರ್ ಬಂದು ಕೂರುತ್ತಾನೆ.

“ಈ ಬಟನ್ನು ಸ್ವಲ್ಪ ಬೂದಿ ಬಣ್ಣಕ್ಕೆ ತರಕ್ಕಾಗತ್ತಾ?”

“ತಂದಿದೀನಲ್ಲ. ಇನ್ನೂ ತೆಳು ಮಾಡಿದ್ರೆ ಯಾರಿಗೂ ಕಾಣ್ಸಲ್ಲ.”

“ಅದನ್ನೇ ಗುರು ಅರ್ಧ ಗಂಟೆಯಿಂದ ಹೇಳ್ತಿರೋದು!”